ಅಕ್ರೋಟ್ ಪೆಟ್ಟಿಗೆಗೆ ಎರಡನೇ ಕೈ

ಮಾರ್ಚ್ ೪

ಚಿಕ್ಕಪ್ಪನವರಿಗೆ,

'ಚಿಕ್ಕಪ್ಪಾ' ಎಂದು ಬರೆಯಲೋ 'ಚಿಕ್ಕಪ್ಪನವರಿಗೆ' ಎಂದು ಬರೆಯಲೋ ತಿಳಿಯದೆ ಆಗಲೇ ಒಂದಷ್ಟು ಕಾಗದ ಹಾಳುಮಾಡಿದ್ದೇನೆ. ನೀವು ಊರು ಬಿಟ್ಟಾಗ ನಾನು ಮುಂದಿನ ಹಲ್ಲು ಬಿದ್ದ ಹುಡುಗಿ. ಈಗ ನನಗೆ ಸ್ವಂತ ಹೊಲಿಗೆ ಅಂಗಡಿ ಇದೆ, ಕಿವಿಯ ಹತ್ತಿರ ಬಿಳಿಕೂದಲೂ ಇದೆ. ಮಾತುಮಾತಿಗೂ 'ಯಾಕೆ, ಯಾಕೆ' ಎಂದು ತಲೆ ತಿನ್ನುತ್ತೇನೆಂದು ನೀವೇ ನನಗೆ 'ಯಾಕಮ್ಮ' ಎಂದು ಹೆಸರಿಟ್ಟಿರಿ. ಅದು ಇನ್ನೂ ಬಿಟ್ಟುಹೋಗಿಲ್ಲ.

ವಿಳಾಸ ಕೊಟ್ಟವಳು ಅಮ್ಮ. ನಾನು ಕೇಳಿದ್ದು ಫೋನ್ ನಂಬರು. "ಅವನು ಫೋನಲ್ಲಿ ಬರೀ ಹ್ಞೂಂ, ಉಹ್ಞೂಂ ಅಂತಾನೆ. ಕಾಗದ ಬರಿ. ಕಾಗದದಲ್ಲಿ ಹ್ಞೂಂ ಅಂದು ತಪ್ಪಿಸ್ಕೊಳ್ಳೋಕೆ ಆಗಲ್ಲ" ಎಂದಳು. ಅಪ್ಪನಿಗೆ ಹೇಳಬೇಡ ಎಂದೂ ಸೇರಿಸಿದಳು. ಅದನ್ನು ಅವಳು ಹೇಳಬೇಕಾಗಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ನಿಮ್ಮ ಹೆಸರು ಬಂದರೆ ಅಪ್ಪ ಎದ್ದುಹೋಗಿ ಕಿಟಕಿಯ ಚಿಲಕ ಸರಿಯಿದೆಯೇ ಎಂದು ನೋಡುತ್ತಾನೆ.

ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಈಗ ಕಿವಿ ಮಂದ. ಕಿವಿಗೆ ಹಾಕಿಕೊಳ್ಳಲು ಒಂದು ಪುಟ್ಟ ಯಂತ್ರ ಕೊಡಿಸಿದ್ದೇವೆ. ಅದನ್ನು ಬಿಚ್ಚಿ ಎಲ್ಲೆಂದರಲ್ಲಿ ಇಡುತ್ತಾನೆ. ಒಮ್ಮೆ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಒಮ್ಮೆ ನನ್ನ ಗುಂಡಿಗಳ ಡಬ್ಬಿಯಲ್ಲಿ. ಯಾರದೋ ಕೋಟಿಗೆ ಹೊಲಿದುಬಿಡುವುದೊಂದು ಬಾಕಿ ಇತ್ತು. ಅದಕ್ಕೇ ಆ ಯಂತ್ರಕ್ಕೊಂದು ಪೆಟ್ಟಿಗೆ ಮಾಡುತ್ತಿದ್ದೇನೆ. ನಮ್ಮ ಓಣಿಯಲ್ಲಿ ಮನೆ ಖಾಲಿ ಮಾಡಿದವರು ಒಂದು ಮಂಚದ ತಲೆಹಲಗೆಯನ್ನು ಬೀದಿಗೆ ಬಿಟ್ಟುಹೋಗಿದ್ದರು. ಹಳೆಯ ಬಣ್ಣ ಕೆರೆದು ನೋಡಿದರೆ ಒಳಗೆ ಅಕ್ರೋಟ್ ಮರ! ಮೂಲೆ ಜೋಡಿಸುವುದನ್ನು ಅಪ್ಪ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದ. ಪೆಟ್ಟಿಗೆ ಅಂಗೈ ಅಗಲ ಇದೆ, ಮುಚ್ಚಳ ಸರಿಯಾಗಿ ಕೂರುತ್ತದೆ.

ಈಗ ಅದರ ಮೇಲೆ ಏನು ಹಚ್ಚಲಿ? ಮರದ ಬಣ್ಣ ಹಾಗೇ ಕಾಣಬೇಕು. ಬಣ್ಣದಂಗಡಿಗೆ ಹೋದರೆ ಒಂದು ಗೋಡೆ ತುಂಬ ಡಬ್ಬಿಗಳು. ಎಲ್ಲದರ ಮೇಲೂ 'ಪಾರದರ್ಶಕ' ಎಂದೇ ಬರೆದಿದೆ. ಎಲ್ಲವೂ ಪಾರದರ್ಶಕವೇ ಆದರೆ ಇಷ್ಟೊಂದು ಬಗೆ ಯಾಕೆ? ಅಪ್ಪನನ್ನು ಕೇಳೋಣವೆಂದರೆ ಇದು ಅವನಿಗೇ ಗೊತ್ತಾಗದಂತೆ ಮಾಡುತ್ತಿರುವುದು. ಅವನ ಕಣ್ಣು ನಿಮಗೆ ಗೊತ್ತು, ಒಂದು ಕುಂಚದ ಗೀರು ಉಳಿದರೂ ಹಿಡಿಯುತ್ತಾನೆ. ಅವನ ಮರಗೆಲಸಕ್ಕೆ ತಕ್ಕ ಪಾಲಿಶ್ ಮಾಡಿದವರು ಲೋಕದಲ್ಲಿ ಒಬ್ಬರೇ ಎಂದು ಅಮ್ಮ ಹೇಳುತ್ತಾಳೆ. ಆ ಒಬ್ಬರಿಗೆ ಈ ಕಾಗದ.

ಯಾಕಮ್ಮ


ಮಾರ್ಚ್ ೧೯

ಯಾಕಮ್ಮಾ,

ಇನ್ನೊಂದು ಸಲ 'ನೀವು' ಅಂತ ಬರೆದರೆ ಕಾಗದ ಒಡೆಯದೆ ವಾಪಸ್ ಕಳಿಸುತ್ತೇನೆ.

ಪಾಲಿಶ್ ಬಿಟ್ಟು ಬಹಳ ಕಾಲವಾಯಿತು. ಈಗ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತೇನೆ. ಸಾಣೆಯ ಮೇಲೆ ಸದಾ ನೀರು ಸುರಿಯುತ್ತಿರುತ್ತದೆ. ನೀರಿನ ಜೊತೆಗಿನ ಕೆಲಸ ಒಳ್ಳೆಯದು.

ನಿನ್ನ ಪ್ರಶ್ನೆ ಮಾತ್ರ ಸರಿಯಾಗಿದೆ. ಪಾರದರ್ಶಕ ಅಂದರೆ ಏನೂ ಇಲ್ಲ ಅಂತಲ್ಲ. ನಾನು ಉಜ್ಜುವ ಗಾಜುಗಳೂ ಪಾರದರ್ಶಕವೇ, ಆದರೆ ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿಕೊಂಡರೆ ಎಡವಿ ಬೀಳುತ್ತಾರೆ. ಮರಕ್ಕೂ ಹಾಗೇ. ಒಂದು ಮೇಲೆ ಪದರವಾಗಿ ಕೂರುತ್ತದೆ, ಒಂದು ಒಳಗೆ ಇಳಿಯುತ್ತದೆ. ಒಂದು ಮರವನ್ನು ಬೆಚ್ಚಗೆ ತೋರಿಸುತ್ತದೆ, ಒಂದು ಜ್ವರ ಬಂದವರ ಮುಖದ ಹಾಗೆ ತೋರಿಸುತ್ತದೆ. ಯಾವುದು ಬೇಕು ಅಂತ ಡಬ್ಬಿ ಓದಿ ತಿಳಿಯಲ್ಲ.

ಪೆಟ್ಟಿಗೆ ಮುಟ್ಟಬೇಡ. ಅದೇ ಹಲಗೆಯ ಉಳಿದ ತುಂಡೊಂದನ್ನು ತಗೋ. ಮರಳುಕಾಗದದಲ್ಲಿ ಉಜ್ಜು, ಒರಟಿನಿಂದ ನಯಕ್ಕೆ, ಎಳೆ ಹೋದ ದಿಕ್ಕಿಗೇ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸು. ಮರದ ರೋಮ ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಮತ್ತೆ ಮೆಲ್ಲಗೆ ಉಜ್ಜು. ಆಯಿತೋ ಇಲ್ಲವೋ ಅಂತ ಬೆರಳಲ್ಲಿ ನೋಡಬೇಡ, ಸೂಜಿ ಚುಚ್ಚಿ ಚುಚ್ಚಿ ನಿನ್ನ ಬೆರಳು ದಡ್ಡಾಗಿರುತ್ತದೆ. ಕೆನ್ನೆಗೆ ತಾಗಿಸಿ ನೋಡು.

ತುಂಡನ್ನು ಪೆನ್ಸಿಲ್ಲಿನಿಂದ ಪಟ್ಟೆ ಮಾಡಿ, ಒಂದೊಂದಕ್ಕೆ ಒಂದೊಂದು ಹಚ್ಚು. ಮೇಣ, ಅರಗಿನ ಪಾಲಿಶ್, ವಾರ್ನಿಶ್, ನೀರಿನ ವಾರ್ನಿಶ್. ಒಂದು ಪಟ್ಟೆ ಖಾಲಿ ಬಿಡು. ಒಣಗಿದ ಮೇಲೆ ನನಗೆ ಕಳಿಸು.

ಅಣ್ಣನಿಗೆ ಕಿವಿ ಕೇಳಿಸಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ.

ಚಿಕ್ಕಪ್ಪ


ಏಪ್ರಿಲ್ ೬

ಚಿಕ್ಕಪ್ಪಾ,

ತುಂಡು ಈ ಕಾಗದದ ಜೊತೆಗೇ ಇದೆ. ಅಂಚೆಯವನು ಅಲುಗಾಡಿಸಿ ನೋಡಿ "ಏನಮ್ಮಾ, ಮರ ಕಳಿಸ್ತಿದೀರಾ?" ಎಂದ. "ಹೌದು, ಉತ್ತರ ಬರುತ್ತೆ" ಎಂದೆ. ನನ್ನನ್ನು ವಿಚಿತ್ರವಾಗಿ ನೋಡಿದ.

ಕೆನ್ನೆಯ ಉಪಾಯ ಬಲು ಚೆನ್ನಾಗಿದೆ. ಅಂಗಡಿಗೆ ಅಳತೆ ಕೊಡಲು ಬಂದ ಟೀಚರಮ್ಮ ನಾನು ಕಣ್ಣುಮುಚ್ಚಿ ಮರದ ತುಂಡನ್ನು ಕೆನ್ನೆಗೆ ಒತ್ತಿಕೊಂಡಿದ್ದು ನೋಡಿ, "ಹಲ್ಲುನೋವಾ?" ಎಂದು ಕೇಳಿದರು. ಒದ್ದೆ ಮಾಡಿದಾಗ ರೋಮ ಎದ್ದಿದ್ದನ್ನು ನೋಡಿ ಬೆಪ್ಪಾದೆ. ಮಂಚವಾಗಿ ಯಾರ ತಲೆಯ ಹಿಂದೋ ಅಷ್ಟು ಕಾಲ ನಿಂತ ಮರಕ್ಕೆ ಇನ್ನೂ ನೀರು ಕಂಡರೆ ಮೈ ಜುಮ್ಮೆನ್ನುತ್ತದಲ್ಲ!

ನಾನು ಕಂಡದ್ದು ಇಷ್ಟು. ಮೇಣ ಮುಟ್ಟಲು ಹಿತ, ಆದರೆ ಒಂದು ಹನಿ ನೀರು ಬಿದ್ದದ್ದೇ ಕಲೆ. ಅಪ್ಪ ಲೋಟವನ್ನು ಎಲ್ಲಿ ಬೇಕಾದರೂ ಇಡುವವನು. ಅರಗಿನ ಪಾಲಿಶ್ ನೋಡನೋಡುತ್ತಲೇ ಒಣಗಿತು. ಬಟ್ಟೆ ಒಂದು ಕ್ಷಣ ನಿಂತರೆ ಅಲ್ಲೇ ಅಂಟಿ ಗುರುತು ಮಾಡಿತು. ನೀನು ಇದನ್ನು ಕಪಾಟುಗಟ್ಟಲೆ ಹೇಗೆ ಹಚ್ಚುತ್ತಿದ್ದೆಯೋ! ವಾರ್ನಿಶ್ ಗಟ್ಟಿ, ಆದರೆ ಮರ ಗಾಜಿನ ಹಿಂದೆ ಹೋಗಿ ನಿಂತಂತಾಯಿತು. ಮೇಲೆ ಒಂದು ಗುಳ್ಳೆ, ಒಂದು ಸೊಳ್ಳೆ. ಸೊಳ್ಳೆಗೆ ಹೊಳಪು ಚೆನ್ನಾಗಿ ಬಂದಿದೆ. ನೀರಿನ ವಾರ್ನಿಶ್ ಬಗ್ಗೆ ನೀನು ಹೇಳಿದ್ದೇ ನಿಜ, ಮರಕ್ಕೆ ಜ್ವರ ಬಂದಂತಿದೆ.

ಬಣ್ಣದಂಗಡಿಯವನಿಗೆ ತುಂಡು ತೋರಿಸಿದೆ. ಅವನು ಮೂಗು ಮುರಿದು, "ಎಲ್ಲಾ ಬಿಟ್ಟು ಎಣ್ಣೇನೇ ಬಿಟ್ಟಿದೀರಲ್ಲ! ಅಕ್ರೋಟಿಗೆ ಕಾಯಿಸಿದ ಅಗಸೆ ಎಣ್ಣೆ ಹಚ್ಚಿ ನೋಡಿ, ಆಮೇಲೆ ಮಾತಾಡಿ" ಎಂದ. ನಿನ್ನ ಕಾಗದ ತೆಗೆದು ನೋಡಿದೆ. ಮೇಣ ಇದೆ, ಅರಗು ಇದೆ, ಎರಡು ವಾರ್ನಿಶ್ ಇದೆ. ಎಣ್ಣೆ ಇಲ್ಲ. ನೀನು ಮರೆಯುವವನಲ್ಲ ಎಂದು ಅಮ್ಮ ಹೇಳುತ್ತಾಳೆ.

ಯಾಕೆ ಬಿಟ್ಟೆ?

ಯಾಕಮ್ಮ


ಏಪ್ರಿಲ್ ೨೦

ಯಾಕಮ್ಮಾ,

ತುಂಡು ಬಂತು. ಕಿಟಕಿಯ ಹತ್ತಿರ ವಾಲಿಸಿ ಹಿಡಿದು ನೋಡಿದೆ. ಮಾಲೀಕರು ತಮ್ಮ ದೊಡ್ಡ ಭೂತಗನ್ನಡಿ ಕೊಟ್ಟು, "ಇದೇನ್ರೀ, ಹೊಸ ನಮೂನೆ ಫ್ರೇಮಾ?" ಎಂದರು. ಮರಳುಕಾಗದದ ಕೆಲಸ ಚೆನ್ನಾಗಿದೆ. ಅಣ್ಣನ ಕೈ ಇದೆ ಅದರಲ್ಲಿ. ಅರಗಿನ ಪಟ್ಟೆಯಲ್ಲಿ ನೀನು ಬಟ್ಟೆಯನ್ನು ನಿಲ್ಲಿಸಿದ್ದೀ. ವಿಮಾನ ಇಳಿದು ನಿಲ್ಲದೆ ಹಾರಿಹೋಗುವ ಹಾಗೆ ಕೈ ಹೋಗಬೇಕು.

ಪೆಟ್ಟಿಗೆಯ ಒಳಗೂ ಹೊರಗೂ ಅರಗನ್ನೇ ಹಚ್ಚು, ಮೇಲೆ ಸ್ವಲ್ಪ ಮೇಣ. ಸಾಕು.

ಎಣ್ಣೆ ಬೇಡ. ನನಗೆ ಆ ವಾಸನೆ ಆಗಲ್ಲ. ಯಾಕೆ ಅಂತ ಕೇಳಬೇಡ.

ಚಿಕ್ಕಪ್ಪ


ಮೇ ೨

ಚಿಕ್ಕಪ್ಪಾ,

ನನ್ನ ಹೆಸರೇ ಯಾಕಮ್ಮ. ನನಗೆ 'ಯಾಕೆ ಅಂತ ಕೇಳಬೇಡ' ಎಂದು ಬರೆದರೆ ಏನಾಗುತ್ತದೆ ಎಂದುಕೊಂಡಿದ್ದೆ? ನೇರ ಹೋಗಿ ಎಣ್ಣೆ ತಂದೆ.

ಬೈಯಬೇಡ, ಮೊದಲು ಕೇಳು. ಖಾಲಿ ಬಿಟ್ಟಿದ್ದ ಇನ್ನೊಂದು ತುಂಡಿನ ಮೇಲೆ ಬಟ್ಟೆಯಿಂದ ಎಣ್ಣೆ ಸವರಿದೆ. ಅಬ್ಬಾ! ಆ ಎಳೆಗಳೆಲ್ಲ ಎಲ್ಲಿ ಅಡಗಿದ್ದವು? ಬೂದುಬಣ್ಣಕ್ಕಿದ್ದದ್ದು ನನ್ನ ಕಣ್ಣೆದುರೇ ಕಂದುಬಣ್ಣಕ್ಕೆ ತಿರುಗಿ, ಮರ ಈಗ ತಾನೆ ನಿದ್ದೆಯಿಂದ ಎದ್ದಂತಾಯಿತು. ಸ್ವಲ್ಪ ಹೊತ್ತು ಬಿಟ್ಟು ಉಳಿದದ್ದನ್ನು ಒರೆಸಿ ತೆಗೆದೆ. ಕೆನ್ನೆಗೆ ತಾಗಿಸಿದರೆ ಮರವೇ ತಾಗುತ್ತದೆ, ನಡುವೆ ಏನೂ ಇಲ್ಲ. ಇದೇ ಬೇಕು ನನಗೆ.

ಆದರೆ ಒಂದು ವಿಚಿತ್ರ ನಡೆಯಿತು. ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆಮಾಡಿ, ಚಿಂದಿ ಹಾಕುವ ತಗಡಿನ ಡಬ್ಬಿಗೆ ತುರುಕಿ ಊಟಕ್ಕೆ ಹೋಗಿದ್ದೆ. ಅಪ್ಪ ಹಾಗೇ ಮಾಡುವುದನ್ನು ನೋಡಿ ಬೆಳೆದವಳು ನಾನು. ಪಾಲಿಶ್ ಬಟ್ಟೆಯನ್ನು ಬಿಸಾಡಬಾರದು, ಸುತ್ತಿ ಮುಚ್ಚಿಟ್ಟರೆ ನಾಳೆಗೂ ಬರುತ್ತದೆ ಎನ್ನುತ್ತಾನೆ. ಮಧ್ಯಾಹ್ನ ವಾಪಸ್ ಬಂದು ಒಂದು ಚಿಂದಿ ಬೇಕಾಗಿ ಕೈ ಹಾಕಿದರೆ, ಒಳಗೆ ಬಿಸಿ! ಇಸ್ತ್ರಿ ಮಾಡಿ ಈಗ ತಾನೆ ಮಡಿಸಿಟ್ಟಂತೆ. ಬಿಸಿಲು ಆ ಮೂಲೆಗೆ ಬರುವುದೇ ಇಲ್ಲ. ಇಸ್ತ್ರಿಪೆಟ್ಟಿಗೆ ಆರಿಸಿದ್ದೆ. ಒಲೆ ಇಲ್ಲ, ದೀಪ ಇಲ್ಲ, ಬೆಂಕಿಕಡ್ಡಿ ಕೂಡ ಇಲ್ಲ. ಬೇರೆ ಚಿಂದಿಗಳೆಲ್ಲ ತಣ್ಣಗಿವೆ, ಎಣ್ಣೆಯ ಉಂಡೆಯ ಸುತ್ತ ಮಾತ್ರ ಬಿಸಿ. ಗಾಬರಿಯಾಗಿ ಅದನ್ನು ಹೊರಗೆ ಬಿಸಾಡಿದೆ.

ಬಣ್ಣದಂಗಡಿಯವನನ್ನು ಕೇಳಿದರೆ, "ಡಬ್ಬಿ ಹಿಂದೆ ಬರೆದಿರುತ್ತೆ, ಯಾರು ಓದ್ತಾರೆ" ಎಂದು ನಕ್ಕ. ಓದಿದೆ. ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲವಂತೆ. ಗಾಳಿ ಕುಡಿದು ಗಟ್ಟಿಯಾಗುತ್ತದಂತೆ, ಆಗ ತಾನೇ ಬಿಸಿಯಾಗುತ್ತದಂತೆ. ಬಟ್ಟೆ ಹರಡಿದ್ದರೆ ಬಿಸಿ ಹಾರಿಹೋಗುತ್ತದೆ. ಉಂಡೆ ಮಾಡಿದರೆ ಒಳಗೇ ಕೂಡಿಕೊಳ್ಳುತ್ತಾ ಹೋಗುತ್ತದೆ.

ಇದು ನಿನಗೆ ಗೊತ್ತಿತ್ತಾ? ಅದಕ್ಕೇ ಎಣ್ಣೆ ಬೇಡ ಎಂದೆಯಾ?

ಯಾಕಮ್ಮ


ಮೇ ೭

ಯಾಕಮ್ಮಾ,

ನಿನ್ನ ಕಾಗದ ಈಗ ತಾನೆ ಬಂತು. ಅಂಗಡಿಯ ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ.

ಗೊತ್ತಿರಲಿಲ್ಲ.

ನಿಜ ಹೇಳು. ಅಲ್ಲಿ ಯಾರೂ ಸಿಗರೇಟು ಸೇದಿರಲಿಲ್ಲವಾ? ಅಳತೆ ಕೊಡಲು ಬಂದವರು, ಪಕ್ಕದವರು, ಯಾರಾದರೂ? ಕಿಡಿ ಅನ್ನುವಂಥದ್ದು ಏನೂ ಇರಲಿಲ್ಲವಾ? ಬರೀ ಬಿಸಿಯಾಗಿ ನಿಲ್ಲುತ್ತದಾ, ಅಥವಾ ಹತ್ತಿಕೊಳ್ಳುತ್ತದಾ?

ಚಿಕ್ಕಪ್ಪ


ಮೇ ೧೬

ಚಿಕ್ಕಪ್ಪಾ,

ಕೇಳಿದ್ದೀ ಎಂದು ಮಾಡಿ ನೋಡಿದೆ. ಹಿತ್ತಲಿನ ಕಲ್ಲಿನ ಮೇಲೆ, ಹಗಲಿನಲ್ಲಿ, ಪಕ್ಕದಲ್ಲಿ ಬಕೆಟ್ ತುಂಬ ನೀರು ಇಟ್ಟುಕೊಂಡು. ಅಮ್ಮ ಬಾಗಿಲಲ್ಲಿ ನಿಂತು, "ಮನೆಗೆ ಬೆಂಕಿ ಇಡೋಕೆ ಇಷ್ಟೊಂದು ತಯಾರಿ ಬೇಕಾ?" ಎಂದಳು. ಹಾಗೆ ಅಂದವಳೇ ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಒಂದು ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ, ಬಿಡಿಸಿ ತಂತಿಯ ಮೇಲೆ ಹಾಕಿದೆ. ಅದೇ ಅಳತೆಯ ಇನ್ನೊಂದಷ್ಟನ್ನು ಉಂಡೆಮಾಡಿ ಚಿಂದಿಗಳ ನಡುವೆ ಡಬ್ಬಿಗೆ ಹಾಕಿ, ಮುಚ್ಚಳ ಅರ್ಧ ಎಳೆದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ತಂತಿಯ ಮೇಲಿನದು ಒಣಗಿ ಹಪ್ಪಳವಾಯಿತು, ಅಷ್ಟೇ. ಡಬ್ಬಿಯದು ಮೊದಲು ಬೆಚ್ಚಗಾಯಿತು. ಆಮೇಲೆ ಒಂದು ಕಮಟು ವಾಸನೆ. ಆಮೇಲೆ, ನನ್ನಾಣೆ ಚಿಕ್ಕಪ್ಪಾ, ಸಣ್ಣಗೆ ಹೊಗೆ. ಮುಚ್ಚಳ ತೆಗೆದರೆ ಉಂಡೆಯ ಹೊಟ್ಟೆ ಕಪ್ಪಾಗಿ, ಅಂಚಿನಲ್ಲಿ ಕೆಂಪು ಹರಿದಾಡುತ್ತಿತ್ತು. ನೀರು ಸುರಿದೆ.

ಯಾರೂ ಸೇದಿರಲಿಲ್ಲ. ಯಾರೂ ಏನೂ ಹಚ್ಚಿರಲಿಲ್ಲ. ಅದು ತಾನಾಗಿಯೇ ಹತ್ತಿಕೊಂಡಿತು.

ನೀನು ಯಾಕೆ ಕೇಳಿದೆ ಎಂದು ನನಗೆ ಅರ್ಥವಾಗುತ್ತಿದೆ ಎನಿಸುತ್ತದೆ. ಆದರೆ ನೀನೇ ಹೇಳು.

ಯಾಕಮ್ಮ


ಜೂನ್ ೧೪

ಚಿಕ್ಕಪ್ಪಾ,

ಅಂಚೆಯವನು ದಿನಾ ಕೈ ಆಡಿಸಿ ಮುಂದೆ ಹೋಗುತ್ತಿದ್ದಾನೆ. ಮೈಗೆ ಹುಷಾರಿಲ್ಲವಾ? ಒಂದು ಹ್ಞೂಂ ಬರೆದರೂ ಸಾಕು.

ಯಾಕಮ್ಮ


ಜೂನ್ ೨೯

ಯಾಕಮ್ಮಾ,

ಹುಷಾರಾಗಿದ್ದೇನೆ. ಬರೆಯಲು ಕೂತರೆ ಆಗುತ್ತಿರಲಿಲ್ಲ.

ಅಣ್ಣ ಮರಗೆಲಸ ಮಾಡುತ್ತಿದ್ದ, ನಾನು ಪಾಲಿಶ್ ಮಾಡುತ್ತಿದ್ದೆ. ಅಂಗಡಿ ನಮ್ಮಪ್ಪನದು, ಉಳಿ-ಹತ್ತರಿಗಳೆಲ್ಲ ಅವರ ಕಾಲದವು. ಹಿಡಿಗಳಲ್ಲಿ ಅವರ ಬೆರಳಿನ ಗುಣಿ ಬಿದ್ದಿತ್ತು. ನಾವು ಕಂಡದ್ದು ಅರಗಿನ ಪಾಲಿಶ್ ಒಂದೇ. ಅರಗಿನ ಬಟ್ಟೆ ಗಟ್ಟಿಯಾದರೆ ಮಾರನೇ ದಿನ ಸ್ಪಿರಿಟ್ ಚಿಮುಕಿಸಿದರಾಯಿತು, ಮತ್ತೆ ಮೆತ್ತಗಾಗುತ್ತದೆ. ಅದಕ್ಕೇ ನಮ್ಮಪ್ಪ, ಆಮೇಲೆ ಅಣ್ಣ, ಸಂಜೆಯಾದರೆ ಬಟ್ಟೆಗಳನ್ನು ಸುತ್ತಿ ಬೆಂಚಿನ ಕೆಳಗಿನ ಮರದ ಪೆಟ್ಟಿಗೆಗೆ ತುಂಬುತ್ತಿದ್ದರು. ಒಳ್ಳೆಯ ಅಭ್ಯಾಸ. ನಮ್ಮ ಅಂಗಡಿಯಲ್ಲಿ ಒಂದು ಚಿಂದಿ ನೆಲದ ಮೇಲೆ ಬಿದ್ದಿರುತ್ತಿರಲಿಲ್ಲ.

ನಾನು ಊರು ಬಿಟ್ಟ ವರ್ಷ ಒಬ್ಬ ಗಿರಾಕಿ ಬಂದು, ತನ್ನ ಊಟದ ಮೇಜಿಗೆ ಅರಗು ಬೇಡ, ಎಣ್ಣೆಯೇ ಬೇಕು ಎಂದು ಹಠ ಹಿಡಿದ. ಡಬ್ಬಿಯನ್ನೂ ಅವನೇ ತಂದುಕೊಟ್ಟ. ನಾವು ಎಣ್ಣೆ ಮುಟ್ಟಿದ್ದು ಅದೇ ಮೊದಲು. ಸಂಜೆಯವರೆಗೆ ಹಚ್ಚಿ ಒರೆಸಿದೆವು. ಅಣ್ಣ ಎಂದಿನಂತೆ ಬಟ್ಟೆಗಳನ್ನು ಸುತ್ತಿ ಪೆಟ್ಟಿಗೆಗೆ ತುಂಬಿ ಮನೆಗೆ ಹೋದ. ನಾನು ಹೊಸ್ತಿಲ ಮೇಲೆ ಕೂತು ಒಂದು ಸಿಗರೇಟು ಸೇದಿ, ಬೀಗ ಹಾಕಿ ಹೋದೆ. ಬೆಳಕು ಹರಿಯುವಷ್ಟರಲ್ಲಿ ಅಂಗಡಿ ಇರಲಿಲ್ಲ.

ಬೂದಿಯ ಮುಂದೆ ನಿಂತು ಅಣ್ಣ ಒಂದೇ ಮಾತು ಕೇಳಿದ: "ಆರಿಸಿದ್ಯೇನೋ?" ನಾನು "ಹ್ಞೂಂ" ಅಂದೆ. ಅವನು ನನ್ನ ಮುಖ ನೋಡಿದ, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು, ಇಬ್ಬರೂ ಅತ್ತು, ಮುಗಿದುಹೋಗುತ್ತಿತ್ತು. ಆಮೇಲೆ ನನಗೇ ಅನುಮಾನ ಶುರುವಾಯಿತು. ಕಲ್ಲಿಗೆ ಒತ್ತಿ ಆರಿಸಿದ್ದು ಒಂದು ದಿನ ಸ್ಪಷ್ಟವಾಗಿ ನೆನಪಾಗುತ್ತದೆ. ಇನ್ನೊಂದು ದಿನ, ಅದು ಹಿಂದಿನ ದಿನದ ನೆನಪಿರಬೇಕು ಎನಿಸುತ್ತದೆ. ಅವನ ಎದುರು ಕೂತು ಊಟ ಮಾಡಲಾಗದೆ ಊರು ಬಿಟ್ಟೆ. ಬೆಂಕಿ ಬೇಡದ ಕೆಲಸ ಹುಡುಕಿದೆ. ಎಣ್ಣೆಯ ವಾಸನೆ ಬಂದರೆ ಆ ಬೂದಿ ನೆನಪಾಗುತ್ತಿತ್ತು, ಕಾರಣ ಅದರಲ್ಲೇ ಇದೆ ಎಂದು ಎಂದೂ ಹೊಳೆದಿರಲಿಲ್ಲ.

ನಿನ್ನ ಕಾಗದ ಓದಿದ ದಿನ ನಾನು ಅತ್ತೆ. ಸಂತೋಷಕ್ಕೇ ಅತ್ತೆ, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ಮಾತು ಕೇಳು. ಇದನ್ನು ಅಣ್ಣನಿಗೆ ಹೇಳಬೇಡ. ಆ ಬಟ್ಟೆ ತುಂಬಿದ್ದು ಅವನು. ಇದನ್ನು ಹೊರುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ಈ ವಯಸ್ಸಿನಲ್ಲಿ ಅವನ ತಲೆಗೆ ಕಟ್ಟಬೇಡ. ನನಗೆ ಗೊತ್ತಾಯಿತಲ್ಲ, ನನಗೆ ಅಷ್ಟೇ ಸಾಕು.

ಎಣ್ಣೆಯನ್ನೇ ಹಚ್ಚು. ಹೊರಗೆ ಮಾತ್ರ. ಒಳಗೆ ಹಚ್ಚಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ವಾಸನೆ ಕೂತುಬಿಡುತ್ತದೆ, ಒಳಗೆ ಅರಗು. ಮೊದಲ ಕೈ ಹಚ್ಚಿದ್ದು ಚೆನ್ನಾಗಿ ಒಣಗಲಿ, ಆಮೇಲೆ ಎರಡನೇ ಕೈ. ಬಟ್ಟೆಗಳನ್ನು ಏನು ಮಾಡಬೇಕು ಅಂತ ನಿನಗೇ ಗೊತ್ತು.

ಚಿಕ್ಕಪ್ಪ


ಜುಲೈ ೧೦

ಚಿಕ್ಕಪ್ಪಾ,

ಹೇಳುವುದಿಲ್ಲ. ಮಾತು ಕೊಡುತ್ತೇನೆ.

ಆದರೆ ನಿನ್ನ ಮೇಲೆ ನನಗೆ ಕೋಪ ಬಂದಿದೆ. ಹೊರೆ ಇಳಿಸಿಕೊಂಡು ಜೋಪಾನವಾಗಿ ನನ್ನ ತಲೆಯ ಮೇಲೆ ಇಟ್ಟೆಯಲ್ಲ! ದಿನಾ ಬೆಳಿಗ್ಗೆ ಅಪ್ಪ ಎದುರು ಕೂತು ಚಹಾ ಕುಡಿಯುತ್ತಾನೆ. ನೀನು ತಪ್ಪು ಮಾಡಿಲ್ಲ ಎಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನಿಗೆ ತಮ್ಮ ಇಲ್ಲ, ನಿನಗೆ ಅಣ್ಣ ಇಲ್ಲ, ನಡುವೆ ನಾನು ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತಿದ್ದೇನೆ. 'ನನಗೆ ಅಷ್ಟೇ ಸಾಕು' ಎಂದು ಬರೆದೆಯಲ್ಲ, ಅದು ನಿಜವಾ?

ಒಳಗೆ ಅರಗು ಹಚ್ಚಿ ಆಯಿತು. ಕೈ ಎಲ್ಲೂ ನಿಲ್ಲಿಸಲಿಲ್ಲ.

ಯಾಕಮ್ಮ


ಆಗಸ್ಟ್ ೩

ಚಿಕ್ಕಪ್ಪಾ,

ನಾನು ಹೇಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ.

ನಿನ್ನೆ ಬೆಳಿಗ್ಗೆ ಪೆಟ್ಟಿಗೆಯ ಹೊರಗೆ ಎಣ್ಣೆಯ ಮೊದಲ ಕೈ ಹಚ್ಚಿ ಒರೆಸಿಟ್ಟಿದ್ದೆ. ಬಟ್ಟೆಗಳನ್ನು ಅಂಗಡಿಯ ಹಿಂದಿನ ತಂತಿಗೆ ಒಂದೊಂದಾಗಿ ಕ್ಲಿಪ್ಪು ಹಾಕಿ ಹರಡುತ್ತಿದ್ದೆ. ಅಪ್ಪ ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಹೇಳದೆ ಕೇಳದೆ ಬಂದ. ಪೆಟ್ಟಿಗೆ ಮೇಜಿನ ಮೇಲೇ ಇತ್ತು, ಬಚ್ಚಿಡಲು ಸಮಯ ಸಿಗಲಿಲ್ಲ.

ಎತ್ತಿಕೊಂಡ. ಮೂಲೆಗಳನ್ನು ನೋಡಿದ. ಮುಚ್ಚಳ ತೆಗೆದು ಒಳಗೆ ಮೂಸಿದ, ಹೊರಗೆ ಮೂಸಿದ. ಆಮೇಲೆ ಕೆನ್ನೆಗೆ ತಾಗಿಸಿಕೊಂಡು ಕಣ್ಣು ಮುಚ್ಚಿದ.

"ಒಳಗೆ ಅರಗು, ಹೊರಗೆ ಎಣ್ಣೆ. ಇದು ನಿನ್ನ ಬುದ್ಧಿ ಅಲ್ಲ" ಎಂದ. "ಎಲ್ಲಿದ್ದಾನೆ ಅವನು?"

"ಕನ್ನಡಕದ ಅಂಗಡೀಲಿ" ಎಂದೆ. ಅದನ್ನು ಹೇಳಬೇಡ ಎಂದು ನೀನು ಹೇಳಿರಲಿಲ್ಲ.

ಅಪ್ಪ ತನ್ನ ಹಳೇ ಅಭ್ಯಾಸದಂತೆ, ಮೇಜಿನ ಮೇಲೆ ಉಳಿದಿದ್ದ ಎಣ್ಣೆ ಬಟ್ಟೆಗಳನ್ನು ಒಟ್ಟುಮಾಡಿ ಸುತ್ತಿ ಚಿಂದಿ ಡಬ್ಬಿಗೆ ತುರುಕತೊಡಗಿದ. "ಅಪ್ಪಾ, ಬೇಡ!" ಎಂದು ಕಿರುಚಿ ಅವನ ಕೈಯಿಂದ ಕಿತ್ತುಕೊಂಡೆ. ಅವನು ಬೆಚ್ಚಿದ. ನನ್ನನ್ನು ನೋಡಿದ, ತಂತಿಯ ಮೇಲೆ ಸಾಲಾಗಿ ಹರಡಿದ್ದ ಬಟ್ಟೆಗಳನ್ನು ನೋಡಿದ.

"ಯಾಕೆ?" ಎಂದ.

ಹುಟ್ಟಿದಾಗಿನಿಂದ ಆ ಪ್ರಶ್ನೆ ನನ್ನದು. ಅವನು ಕೇಳಿದಾಗ ನನ್ನ ಬಳಿ ಉತ್ತರವಿತ್ತು, ಕೊಡಲಿಲ್ಲ. ಕಣ್ಣಲ್ಲಿ ನೀರು ಬಂತು, ಅದಕ್ಕೆ ನಾನೇನು ಮಾಡಲಿ?

ಅವನು ನನ್ನ ಕೈಯಿಂದ ಬಟ್ಟೆಗಳನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡ. ಸುತ್ತಿದ. ಚಿಂದಿಗಳ ನಡುವೆ ಇಟ್ಟ. ಡಬ್ಬಿಯನ್ನು ಅಂಗಡಿಯ ಹಿಂದಿನ ಕಲ್ಲಿನ ಮೇಲೆ ಇಟ್ಟುಕೊಂಡು, ಮುಂದೆ ಸ್ಟೂಲು ಹಾಕಿ ಕೂತ. ಅಂಗೈಯನ್ನು ಡಬ್ಬಿಯ ಮೈಮೇಲೆ ಇಟ್ಟ. ಊಟಕ್ಕೆ ಕರೆದರೆ ಬರಲಿಲ್ಲ. ಕಿವಿಯ ಯಂತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ. ನಾನು ಬಕೆಟ್ ಹಿಡಿದು ಹಿಂದೆ ನಿಂತಿದ್ದೆ. ಬಿಸಿಲು ಗೋಡೆ ದಾಟುವ ಹೊತ್ತಿಗೆ ಅವನ ಕೈ ಥಟ್ಟನೆ ಹಿಂದೆ ಬಂತು. ನಾನು ನೀರು ಸುರಿದೆ.

ಅವನು ಎದ್ದು ಮನೆಗೆ ಹೋಗಿ ಅಮ್ಮನ ಹತ್ತಿರ ಕಾಗದ, ಪೆನ್ನು ಕೇಳಿದನಂತೆ. ಏನು ಬರೆದಿದ್ದಾನೋ ನನಗೆ ತೋರಿಸಿಲ್ಲ. ಇದರ ಜೊತೆಗೇ ಹಾಕು ಎಂದು ಅಂಟಿಸಿ ಕೊಟ್ಟಿದ್ದಾನೆ.

ಯಾಕಮ್ಮ


ಆಗಸ್ಟ್ ೨

ತಮ್ಮಾ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ.

ಡಬ್ಬಿ ಬಿಸಿಯಾಯಿತು. ಮೊದಲು ನನ್ನ ಕೈಯದೇ ಬಿಸಿ ಎಂದುಕೊಂಡೆ. ಆಮೇಲೆ ಕೈ ಇಡಲಾಗಲಿಲ್ಲ.

ಮಗಳು ಏನೂ ಹೇಳಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಈವರೆಗೆ ನೋಡಿಯೇ ಇರಲಿಲ್ಲ. ನೀನು ಹೇಳಬೇಡ ಎಂದಿರಬೇಕು. ನನಗೋಸ್ಕರ ಎಂದಿರಬೇಕು. ಅದು ಗೊತ್ತಾಗಿ ಇನ್ನೂ ಸಂಕಟವಾಯಿತು.

ಆ ಸಂಜೆ ಬಟ್ಟೆ ತುಂಬಿದ್ದು ನಾನು. ಮೇಲಿಂದ ಒತ್ತಿ ಮುಚ್ಚಳ ಹಾಕಿದ್ದೂ ನೆನಪಿದೆ. ಮಾರನೇ ದಿನ ನಿನ್ನನ್ನು ಆರಿಸಿದ್ಯೇನೋ ಎಂದು ಕೇಳಿದೆ. ನೀನು ಹ್ಞೂಂ ಅಂದೆ. ನನ್ನ ತಮ್ಮ ಹ್ಞೂಂ ಅಂದರೆ ಅದು ಹ್ಞೂಂ ಎಂದೇ ತಿಳಿಯಬೇಕಿತ್ತು. ನೀನು ಆರಿಸಿದ್ದೆ.

ಪೆಟ್ಟಿಗೆಗೆ ಒಂದೇ ಕೈ ಆಗಿದೆ. ಎರಡನೆಯದನ್ನು ತಾನೇ ಹಚ್ಚುತ್ತೇನೆ ಅಂತಾಳೆ ಇವಳು, ಅವಳಿಗೆ ಮುಟ್ಟಲು ನಾನು ಬಿಟ್ಟಿಲ್ಲ. ನಾನು ಹಚ್ಚಿದರೆ ಕೆಡುತ್ತದೆ, ನಿನಗೆ ಗೊತ್ತು. ಪೆಟ್ಟಿಗೆ ಮುಗಿಯುವವರೆಗೆ ಯಂತ್ರ ಇಡಲು ಜಾಗವಿಲ್ಲ, ಹಾಗಾಗಿ ಕಿವಿಯಲ್ಲೇ ಇರುತ್ತದೆ. ಬಾಗಿಲು ತಟ್ಟು, ಕೇಳಿಸುತ್ತದೆ.

ಬಾ. ಎಣ್ಣೆ ನೀನು ಹಚ್ಚು. ಬಟ್ಟೆ ನಾನು ಹರಡುತ್ತೇನೆ.

ಅಣ್ಣ